ಆಚೆ ಬದಿಯ ಪ್ರೇಕ್ಷಕ

ಗುರುವಾರದ ಬಿರುಗಾಳಿಗೆ ಹೋದ ಕರೆಂಟು ಶುಕ್ರವಾರ ಸಂಜೆಯಾದರೂ ಬಂದಿರಲಿಲ್ಲ. ಈ ಪರದೇಶದಲ್ಲಿ ನಾವು ನೆಲೆಸಿರುವ ಬಡಾವಣೆ ಎಜುಕೇಶನ್ ಹಿಲ್‌ನ ರಸ್ತೆಗಳಿಗೆ ಅಡ್ಡಲಾಗಿ ದೊಡ್ಡ ದೊಡ್ಡ ಮರಗಳು ಬಿದ್ದಿದ್ದವು. ಗಾಳಿ ತಗ್ಗಿತ್ತು, ಮಳೆ ತಗ್ಗಿರಲಿಲ್ಲ. ನಮ್ಮ ಗೆಳೆಯರ ಪೈಕಿ ಗ್ಯಾಸಿನ ಅಗ್ಗಿಷ್ಟಿಕೆ ಇದ್ದದ್ದು ರವಿಕಿರಣ, ವೈಶಾಲಿಯ ಮನೆಯಲ್ಲಿ ಮಾತ್ರ. ಹಾಗಾಗಿ ಮಕ್ಕಳು, ಹೊದಿಕೆ, ಅನ್ನದ ಪಾತ್ರೆ ಸಮೇತ ಎಲ್ಲರೂ ಅಲ್ಲಿಗೇ ಬಂದು ಬಿದ್ದಿದ್ದೆವು. ಹತ್ತಿರದ ನಾರ್ತ್ ಕ್ರೀಕ್ ಬಡಾವಣೆಯಲ್ಲಿ ಒಬ್ಬರೇ ಇರುವ ಬೆನೆಡಿಕ್ಟ್ ಅಂಕಲ್‌ರನ್ನೂ ರವಿಕಿರಣ ಹೋಗಿ ಕರೆತಂದಿದ್ದ. ಅವರು ಮಂಗಳೂರು ಕಡೆಯವರು, ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು.

"ಅಂಕಲ್, ಶನಿವಾರ ಆದ್ರೆ ಫುಟ್‌ಬಾಲ್ ನೋಡೋಕೆ ಎಲ್ಲೆಲ್ಲೋ ಹೋಗ್ತೀರಂತಲ್ಲ?" ಎಂದು ವೈಶಾಲಿ ಸುಮ್ಮನೆ ಮಾತಿಗೆ ಕೇಳಿದಳು. ಅವರು ಕಾಫಿಯ ಲೋಟ ಕೆಳಗಿಟ್ಟರು.

"ಒಬ್ಬನೇ ಹೋಗ್ತಿದ್ದದ್ದಲ್ಲ ಅಮ್ಮಾ... ಹುಬ್ಬಳ್ಳಿಯ ಚನ್ನವೀರ ಅಂತ, ನನ್ನ ಜೊತೆಗೇ ಕೆಲಸ ಮಾಡಿದವ, ನಾವಿಬ್ಬರೂ ಹೋಗ್ತಿದ್ದದ್ದು. ದೊಡ್ಡ ಸ್ಟೇಡಿಯಂ ನಮಗೆ ಬೇಡ. ಯಾರೂ ಹೆಸರು ಕೇಳದ ಊರಲ್ಲಿ, ಶಾಲೆಯ ಹಿಂದೆಯೋ ಚರ್ಚಿನ ಹಿಂದೆಯೋ ಒಂದು ಕೆಸರಿನ ಗ್ರೌಂಡು ಇರ್ತದಲ್ಲ, ವಾರವಿಡೀ ಬಣ್ಣ ಬಳಿದವ, ಬೇಕರಿ ನಡೆಸಿದವ, ಟಪಾಲು ಹಂಚಿದವ ಎಲ್ಲ ಸೇರಿ ಅಲ್ಲಿ ಆಡ್ತಾರೆ, ನೋಡ್ಲಿಕ್ಕೆ ಅವರ ಹೆಂಡತಿಯರು, ಒಂದೆರಡು ನಾಯಿ, ಮತ್ತೆ ನಾವು. ಎಂತ ಹುಚ್ಚು ಅದು ಅಂತ ಕೇಳ್ತೀರಾ? ಮಳೆಯಲ್ಲಿ ನಿಂತು, ಗುರುತೇ ಇಲ್ಲದವರಿಗೆ ಕೈ ತಟ್ಟುವಾಗ ನಾವು ಹೊರಗಿನವರು ಅಂತ ಮರೆತೇ ಹೋಗ್ತಿತ್ತು ಮಾರಾಯ್ರೆ.

"ಹಾಗೆ ಹೋಗುವಾಗಲೇ ಒಬ್ಬನನ್ನು ನೋಡಿದ್ದು. ಕಂದು ಕೋಟು, ಕೈ ಎರಡೂ ಜೇಬಿನೊಳಗೆ, ನಾವು ಈಚೆ ಬದಿಯಲ್ಲಿ ನಿಂತ್ರೆ ಅವನು ಆಚೆ ಬದಿಯಲ್ಲಿ. ಮುಂದಿನ ವಾರ ಬೇರೆ ಊರು, ಬೇರೆ ಗ್ರೌಂಡು... ಅಲ್ಲಿಯೂ ಅವನೇ. ನಮ್ಮ ಹಾಗೇ ಒಬ್ಬ ಮರುಳ ಅಂತ ಖುಷಿಯಾಯ್ತು. ಕೈ ಬೀಸಿದ್ರೆ ಬೀಸ್ತಿರಲಿಲ್ಲ. ಮ್ಯಾಚು ಮುಗಿದು ಹುಡುಕಿದ್ರೆ ಇರ್ತಿರಲಿಲ್ಲ.

"ಸ್ನೊಕ್ವಾಲ್ಮಿ ಅಂತ ಊರು, ಅಲ್ಲಿಂದ ಇನ್ನೂ ಮೇಲೆ, ಮುಚ್ಚಿಹೋದ ಮರದ ಮಿಲ್ಲಿನ ಹಿಂದೆ ಒಂದು ಗ್ರೌಂಡು ಉಂಟು. ಅಲ್ಲಿ ಒಂದು ಮಧ್ಯಾಹ್ನ ಚನ್ನವೀರ ಹೇಳಿದ, 'ತಡಿ ಬೆನ್ನಿ, ಇವತ್ತ ಅವನ್ನ ಮಾತಾಡಿಸಿಕೊಂಡ ಬರ್ತೀನಿ' ಅಂತ. ಗೋಲಿನ ಹಿಂದಿನಿಂದ ಸುತ್ತು ಹಾಕಿಕೊಂಡು ಹೋದ. ನಾನು ನೋಡ್ತಾ ಇದ್ದೇನೆ... ಆಚೆ ತಲುಪಿದ, ಕಂದು ಕೋಟು ನಿಂತಲ್ಲಿಗೇ ಹೋದ, ಆಚೀಚೆ ನೋಡಿದ. ಚನ್ನವೀರನೊಬ್ಬನೇ ನಿಂತಿದ್ದಾನೆ! ನನ್ನ ಮೊಬೈಲ್ ರಿಂಗಾಯ್ತು.

"'ಬೆನ್ನಿ, ಇಲ್ಲೆ ಯಾರೂ ಇಲ್ಲೋ,' ಅಂದ. ಆಮೇಲೆ ದನಿ ಸಣ್ಣದಾಯ್ತು. 'ನಿನ್ನ ಬಾಜೂಕ ನಿಂತಾವ ಯಾರು?'

"ತಿರುಗಿ ನೋಡ್ಲಿಕ್ಕೆ ಆಗ್ತದಾ ನಿಮಗೆ? ನನಗೆ ಆಗಲಿಲ್ಲ. ಬಲಗಡೆ ಕಿವಿಯ ಹತ್ತಿರ ಚಳಿ... ನೆನೆದ ಉಣ್ಣೆಯ ವಾಸನೆ, ಹೊಳೆಯ ಕೆಸರಿನ ವಾಸನೆ. ಒಂದು ದನಿ, ತುಂಬ ಮರ್ಯಾದೆಯ ದನಿ, ಇಂಗ್ಲಿಷಿನಲ್ಲಿ ಕೇಳಿತು, 'ಸ್ಕೋರ್ ಎಷ್ಟು?' ಅಂತ. ಚನ್ನವೀರ ಮೈದಾನದ ನಡುವಿನಿಂದಲೇ ಓಡಿ ಬಂದ, ರೆಫರಿ ಬೈದ, ನನ್ನ ತೋಳು ಹಿಡಿದು ಕಾರಿಗೆ ಎಳೆದ.

"ಆದ್ರೆ ಅಲ್ಲಿಂದ ಮೇಲೆ ಆ ದನಿ ಬೆನ್ನು ಹತ್ತಿದ್ದು ನನ್ನನ್ನಲ್ಲ, ಚನ್ನವೀರನನ್ನು. ಹುಡುಕಿಕೊಂಡು ಹೋದವ ಅವನಲ್ವಾ? ಆಫೀಸಿನಲ್ಲಿ, ಅಂಗಡಿಯಲ್ಲಿ, ಸ್ನಾನ ಮಾಡುವಾಗ... 'ಸ್ಕೋರ್ ಎಷ್ಟು?' ಡ್ರೈವ್ ಮಾಡುವಾಗ ಹಿಂದಿನ ಸೀಟಿನಿಂದ ಕೇಳಿ, ಅವನು ಬೆಚ್ಚಿ, ಕಾರು ಸೇತುವೆಯ ಕಂಬಿಗೆ ಉಜ್ಜಿಕೊಂಡು ನಿಂತಿತು. ಹೆಂಡತಿ ಗೌರಾದೇವಿ ನನಗೆ ಕಾಲ್ ಮಾಡಿ ಅತ್ತಳು. 'ಅಣ್ಣಾರ, ಇವ್ರು ಊಟಾ ಬಿಟ್ಟಾರ್ರೀ. ಗ್ವಾಡಿ ಕಡೆ ಮಾರಿ ಮಾಡಿ ಏನರೆ ನಂಬರ್ ಹೇಳ್ತಿರ್ತಾರ್ರೀ.'

"ನಾನು ಆ ಮಿಲ್ಲಿನ ಗ್ರೌಂಡಿಗೆ ವಾಪಸ್ ಹೋದೆ. ಅಲ್ಲಿ ಮೇಜು ಹಾಕಿ ಕಾಫಿ ಮಾರುವ ಜೋಯ್ಸ್ ಅಂತ ಒಂದು ಮುದುಕಿ. ನಾನು ಕಂದು ಕೋಟು ಅಂದದ್ದೇ, ಅವಳು ಸುರಿಯುತ್ತಿದ್ದ ಕಾಫಿ ನಿಲ್ಲಿಸಿದಳು. ಆ ಕೋಟಿನವ ಮಿಲ್ಲಿನ ಕೆಲಸದವನಂತೆ. ಮಗ ಎಲ್ಲಿ ಆಡಿದರೂ ಹೋಗ್ತಿದ್ದನಂತೆ, ಹುಡುಗನಿಗೆ ನಾಚಿಕೆ ಆಗಬಾರದು ಅಂತ ಆಚೆ ಬದಿಯಲ್ಲಿ ದೂರ ನಿಲ್ತಿದ್ದನಂತೆ. ಫೈನಲ್ ದಿವಸ ಜೋರು ಮಳೆ. ಮ್ಯಾಚಿಗೆ ಬರುವಾಗ ಹೊಳೆಯ ತಿರುವಿನಲ್ಲಿ ಅವನ ಕಾರು ಜಾರಿ ನೀರಿಗೆ ಬಿತ್ತಂತೆ, ಅವನು ಅಲ್ಲೇ ಹೋದ. ಇಲ್ಲಿ ಯಾರಿಗೂ ಗೊತ್ತಿಲ್ಲ, ಆಟ ನಡೀತಾ ಉಂಟು. ಹುಡುಗ ಕೊನೆಯ ಗೋಲು ಹೊಡೆದು, ಕೈ ಎತ್ತಿ ಆಚೆ ಬದಿಗೆ ನೋಡಿದನಂತೆ... ಅಲ್ಲಿ ಯಾರಿದ್ದಾರೆ?

"ಬಂದು ಚನ್ನವೀರನಿಗೆ ಇದನ್ನೆಲ್ಲ ಹೇಳಿದೆ. ಅವನಿಗೂ ಮಕ್ಕಳಿದ್ದಾರಲ್ವಾ? 'ಯಾರರೆ ಅವಗ ಹೇಳಬೇಕಲ್ಲೋ ಬೆನ್ನಿ,' ಅಂದ. ಮುಂದಿನ ಶನಿವಾರ ಇಬ್ಬರೂ ಹೋಗಿ ಅದೇ ಜಾಗದಲ್ಲಿ ನಿಂತೆವು. ಮಂಜು ಎಷ್ಟಿತ್ತು ಅಂದ್ರೆ ಚೆಂಡಿನ ಸದ್ದು ಮಾತ್ರ ಕೇಳ್ತದೆ, ಕಾಲು ಕಾಣುವುದಿಲ್ಲ. ಚಳಿ ಬಂತು, ವಾಸನೆ ಬಂತು, ದನಿ ಬಂತು. ಚನ್ನವೀರ ಮುಂದೆಯೇ ನೋಡ್ತಾ ಹೇಳಿದ, 'ನಿಮ್ಮ ಮಗ ಗೆದ್ದ. ಕೊನೆಯ ಗೋಲು ಅವನದೇ.'

"ಆ ದನಿ ಸಣ್ಣ ಮಗು ಕೇಳಿದ ಹಾಗೆ ಕೇಳಿತು, 'ನಾನು ನೋಡಿದೆನಾ?'

"ಏನು ಹೇಳ್ತೀರಿ ಅದಕ್ಕೆ? ಚನ್ನವೀರ ಹೇಳಿದ, 'ಹೌದು. ನೀವು ಅಲ್ಲೇ ಇದ್ದಿರಿ. ಎಲ್ಲ ನೋಡಿದಿರಿ.' ಚಳಿ ಹಾಗೇ ಕರಗಿತು. ನನ್ನ ಫ್ರೆಂಡು ಮುಖ ಮುಚ್ಚಿಕೊಂಡು ಅತ್ತ."

ಕತೆ ಮುಗಿಯಿತೆಂದು ಯಾರೋ ನಿಟ್ಟುಸಿರು ಬಿಟ್ಟರು. ಅಂಕಲ್ ಕೈ ಎತ್ತಿ ತಡೆದರು.

"ಕೆಲವು ತಿಂಗಳು ನೆಮ್ಮದಿ. ಊಟ ಸರಿಯಾಯ್ತು, ಸುತ್ತಾಟ ಮತ್ತೆ ಶುರುವಾಯ್ತು. ಆಮೇಲೆ ಮನ್ರೋ ಅಂತ ಒಂದು ಊರಲ್ಲಿ ಮ್ಯಾಚು, ಇನ್ನೂ ವಿಸಿಲ್ ಊದಿಲ್ಲ... ನಮ್ಮಿಬ್ಬರ ನಡುವೆ ಆ ದನಿ. ಈ ಸಲ ಕೇಳಲಿಲ್ಲ, ಹೇಳಿತು. 'ಮೂರು, ಒಂದು.' ಆಟ ಮುಗಿಯುವಾಗ ಸ್ಕೋರ್ ಎಷ್ಟು ಗೊತ್ತುಂಟಾ? ಮೂರು, ಒಂದು. ಅಲ್ಲಿಂದ ಮೇಲೆ ಪ್ರತಿ ಗ್ರೌಂಡಿನಲ್ಲಿಯೂ ಹಾಗೇ, ಒಮ್ಮೆಯೂ ತಪ್ಪಿಲ್ಲ. ಎಲ್ಲ ನೋಡಿದ್ದೀರಿ ಅಂತ ಹೇಳಿದ್ದು ನಾವಲ್ವಾ? ಅವನು ನಂಬಿಬಿಟ್ಟ.

"ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ, ವಾಪಸ್ ಬರುವಾಗ ಕಾರಿನಲ್ಲಿ ಚನ್ನವೀರ ನಕ್ಕೊಂಡು ಹೇಳಿದ. 'ಇವತ್ತ ಅವ ನನಗ ಸ್ಕೋರ್ ಹೇಳಲಿಲ್ಲೋ ಬೆನ್ನಿ. ಬರೂ ಶನಿವಾರ ನೀ ಬರಂಗಿಲ್ಲ ಅಂದ.' ನಾನೂ ನಕ್ಕೆ. ಶುಕ್ರವಾರ ಚಹಾ ಕುಡೀತಾ ಕೂತಿದ್ದವ, ಗೌರಾದೇವಿ ಬಿಸ್ಕತ್ತು ತರ್ಲಿಕ್ಕೆ ಒಳಗೆ ಹೋಗಿ ಬರುವಷ್ಟರಲ್ಲಿ... ಕೂತ ಹಾಗೇ ಹೋಗಿಬಿಟ್ಟಿದ್ದ."

ಅಗ್ಗಿಷ್ಟಿಕೆಯ ಗ್ಯಾಸು ಸುಂಯ್ ಎನ್ನುತ್ತಿತ್ತು. ರವಿಕಿರಣನ ಮಗಳು ಅಪ್ಪನ ತೊಡೆಯೇರಿ ಕುಳಿತಿದ್ದಳು.

"ಆಮೇಲೆ ನೀವು ಹೋಗೋದು ಬಿಟ್ರಾ ಅಂಕಲ್?" ಎಂದಳು ವೈಶಾಲಿ.

"ಬಿಡ್ಲಿಕ್ಕೆ ಆಗ್ತದಾ? ಮೊನ್ನೆ ಶನಿವಾರವೂ ಹೋಗಿದ್ದೆ. ಅವನೂ ಬಂದಿದ್ದ, ಪಕ್ಕದಲ್ಲೇ ನಿಂತ." ಲೋಟ ಮತ್ತೆ ಕೈಗೆತ್ತಿಕೊಂಡು ಹೇಳಿದರು, "ಸ್ಕೋರ್ ಹೇಳಲಿಲ್ಲ."

ಮಗಳನ್ನು ಅಪ್ಪಿಕೊಂಡೇ ರವಿಕಿರಣ ಅವರ ಕಡೆ ಸರಿದ. "ನಾಳೆ ಇಲ್ಲೇ ಇರಿ ಅಂಕಲ್. ಈ ಮಳೇಲಿ ಯಾವ ಗ್ರೌಂಡಿಗೂ ಹೋಗೋದು ಬೇಡ."

ಬೆನೆಡಿಕ್ಟ್ ಅಂಕಲ್ ಅವನ ಕೈ ತಟ್ಟಿದರು.

"ನಾನು ಹೋಗುವುದಿಲ್ಲ ಮಗಾ," ಎಂದರು. "ಅವನು ಹೇಳಿದ್ದೂ ಅದನ್ನೇ."