ನೈಜಲ್‌ನ ಹುಲ್ಲುಹಾಸು

ಶನಿವಾರ, ಎಸೆಕ್ಸ್‌ನ ನಮ್ಮೂರ ಗಿಡಗಳ ನರ್ಸರಿಯಲ್ಲಿ ಹಣ ಕಟ್ಟಲು ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ, ಮಣ್ಣಿನ ಸಮೇತ ಚಾಪೆಯಂತೆ ಸುತ್ತಿದ ಹುಲ್ಲುಹಾಸಿನ ಸುರುಳಿಗಳನ್ನು ಪೇರಿಸಿಟ್ಟಿದ್ದರು. ನನ್ನ ಮುಂದೆ ವಯಸ್ಸಾದ ಇಬ್ಬರು ಗೆಳತಿಯರು, ಮಾವಿಸ್ ಮತ್ತು ಈನಿಡ್.

“ನಿನ್ನ ಪಕ್ಕದ್ಮನೆ ನೈಜಲ್ ಇದನ್ನೇ ಅಲ್ವೇನೇ ಹಾಕಿಸಿದ್ದು?” ಎಂದು ಮಾವಿಸ್ ಕೇಳಿದರು.

“ಹೂಂ, ನನ್ನ ಮಾತು ಯಾರಿಗ್ಬೇಕು?” ಎಂದರು ಈನಿಡ್. “ಜೇಡಿಮಣ್ಣು ಅಗೀದೇನೇ ಮೇಲೆ ಹಾಸ್ಬಿಟ್ಟ. ನೀರು ಇಂಗ್ತಿಲ್ಲ. ಹುಲ್ಲೆಲ್ಲ ಕೊಳೆತು ನಾರ್ತಿದೆ.”

“ಮೊದ್ಲು ಅಲ್ಲಿ ನೀರು ನಿಲ್ತಿರ್ಲಿಲ್ವಲ್ಲ?”

“ನನ್ನ ವಿಲೋ ಮರ ಕುಡೀತಿತ್ತು ಮಾರಾಯ್ತಿ. ನೆರಳಿಗೆ ಹುಲ್ಲು ಬರಲ್ಲ ಅಂತ ಪುರಸಭೆಗೆ ದೂರು ಕೊಟ್ಟು ಅದನ್ನ ಕಡಿಸಿದ್ನಲ್ಲ! ಹಾಸಿಗೆ ಹಿಡಿದಿದ್ದ ನನ್ನ ಗಂಡ ಆ ಮರ ನೋಡ್ಕೊಂಡೇ ದಿನ ದೂಡ್ತಿದ್ದ. ಕೊನೆಗೆ ಆ ನೈಜಲ್‌ನ ಹಲಗೆಬೇಲಿ ನೋಡ್ತಾ ಪ್ರಾಣ ಬಿಟ್ಟ.”

ಮಾವಿಸ್ ಆಕೆಯ ಬೆನ್ನು ಸವರಿದರು.

“ನಿನ್ನೆ ನೈಜಲ್ ಬಂದಿದ್ದ. ನಿಮ್ಮ ಅಂಗಳದಲ್ಲಿ ಪೈಪ್ ಹಾಕಿ ನೀರನ್ನ ಹಳ್ಳಕ್ಕೆ ಬಿಡ್ತೀನಿ, ದಯವಿಟ್ಟು ಒಪ್ಕೊಳ್ಳಿ ಅಂತ ಅಂಗಲಾಚಿದ.”

“ಏನಂದೆ?”

“ನನ್ನ ಗಂಡನ ಮಂಚದ ಮೇಲೆ ಕೂರಿಸ್ದೆ. ಟೀ ಕೊಟ್ಟೆ. ಕಿಟಕಿಯಲ್ಲಿ ಏನು ಕಾಣುತ್ತಪ್ಪಾ ಅಂದೆ. ‘ಬೇಲಿ’ ಅಂದ. ಟೀ ಮುಗಿಯೋವರೆಗೂ ಅದನ್ನೇ ನೋಡು ಅಂದೆ. ಆಮೇಲೆ, ಪೈಪ್ ಆಗಲ್ಲ ಅಂದೆ.”

“ಆ ನೀರು ನಿನ್ನ ಅಡುಗೆಮನೆಗೂ ನುಗ್ಗುತ್ತೆ ಕಣೇ!”

“ನುಗ್ಲಿ. ಮೊದ್ಲು ಅವನ ಮನೆಗೆ ನುಗ್ಗುತ್ತೆ.”

ಅವರ ಸರದಿ ಬಂತು. ಈನಿಡ್ ನೀರಿನಲ್ಲಿ ಓಡಾಡಲು ಹಾಕುವ ಮೊಣಕಾಲುದ್ದದ ಒಂದು ಜೊತೆ ರಬ್ಬರ್ ಬೂಟುಗಳನ್ನು ಮೇಜಿನ ಮೇಲಿಟ್ಟು ಹಣ ಕೊಟ್ಟರು. ಆಮೇಲೆ ಗೆಳತಿಯ ತೋಳು ಹಿಡಿದು ಹೊರಗೆ ಸುರಿಯುತ್ತಿದ್ದ ಮಳೆಗೆ ಇಳಿದರು.