ಖಾಲಿ ಕೋಣೆಯ ಸದ್ದು

…ಮುಟ್ಟಬೇಡ, ಮುಟ್ಟಬೇಡ, ಹಾಸಿಗೆ ಬೀಳುತ್ತೆ. ಹೌದು, ನಮ್ಮ ಹಾಸಿಗೆಯೇ. ಗೋಡೆಗೆ ಯಾಕೆ ಒರಗಿಸಿದೆ ಅಂತ ಕೇಳೋದಕ್ಕೆ ಮುಂಚೆ ಒಂದು ಚಪ್ಪಾಳೆ ತಟ್ಟು. ತಟ್ಟೇ, ನಿನ್ನ ಗಂಟೇನು ಹೋಗುತ್ತೆ? … ಕೇಳಿಸಿತಾ? ತಟ್ಟಿದ್ದು ಕೇಳಿಸಿತು, ಗೋಡೆಗೆ ಬಡಿದು ವಾಪಸ್ ಬರಲಿಲ್ಲ. ಅದೇ ವಿಷಯ. ಮೊನ್ನೆ ಮೊನ್ನೆವರೆಗೆ ಈ ಇಸ್ತ್ರಿ ಕೋಣೆಯಲ್ಲಿ ಒಬ್ಬ ಕೆಮ್ಮಿದರೆ ಇಬ್ಬರು ಕೆಮ್ಮಿದ ಹಾಗಿರ್ತಿತ್ತು. ಈಗ ಹತ್ತಿ ಮೂಟೆಯೊಳಗೆ ಕೂತ ಹಾಗಿದೆ.

ಯಾಕೆ ನಗ್ತೀಯ? ರಾತ್ರಿ ಎಲ್ಲಿ ಮಲಗೋದು ಅಂತಾನಾ? ರಾತ್ರಿ ಚಿಂತೆ ರಾತ್ರಿಗಿರಲಿ. ಕೂತ್ಕೋ. ಆ ಸ್ಟೂಲ್ ಬೇಡ, ಅದು ಕಿರ್ ಅನ್ನುತ್ತೆ. ಈ ಕುರ್ಚಿ ತಗೋ. ಹೊರಗೆ ಫ್ರಿಜ್ ಆರಿಸಿದ್ದೀನಿ, ನಲ್ಲಿಗೆ ಬಟ್ಟೆ ಕಟ್ಟಿದ್ದೀನಿ, ಗಡಿಯಾರದ ಸೆಲ್ ತೆಗೆದಿದ್ದೀನಿ. ಹಾಲು ಒಡೆದರೆ ನನ್ನನ್ನು ಬೈ. ಇವತ್ತು ಎಷ್ಟು ಬೈದರೂ ನಾನು ತಿರುಗಿ ಮಾತಾಡಲ್ಲ.

ಹೌದು, ಖುಷಿಯಾಗಿದ್ದೀನಿ. ಮಾರ್ಕೆಟ್ಟಿನಲ್ಲಿ ಕೂಡ ಕೇಳಿದರು. ಆ ಮೀನಂಗಡಿಯವಳು, 'ತಕ್ಕಡಿ ಸಾಹೇಬರು ಇವತ್ತು ನಗ್ತಿದ್ದಾರೆ, ಯಾರ ತೂಕದಲ್ಲಿ ಮೋಸ ಸಿಕ್ಕಿತೋ' ಅಂದಳಂತೆ. ಅಂದುಕೊಳ್ಳಲಿ. ಇಷ್ಟು ವರ್ಷ ಊರವರ ತಕ್ಕಡಿಗೆ ಮುದ್ರೆ ಹಾಕಿದೆ, ಈ ಎರಡು ತಿಂಗಳು ದನಿ ತೂಗಿದೆ. ಅದರ ಸುಖವೇ ಬೇರೆ.

ಮಗಳು ತಾನೇ ಶುರುಮಾಡಿದ್ದು? ಅವಳ ಹೊಸ ಬೊಂಬೆಯಾಟದಲ್ಲಿ ಆ ಮುದಿ ಕೊಕ್ಕರೆ ಇದೆಯಲ್ಲ. ಆಟ ಪೂರ್ತಿ ಒಂಟಿ ಕಾಲಿನಲ್ಲಿ ಸುಮ್ಮನೆ ನಿಂತಿರುತ್ತೆ, ಕೊನೆಗೆ ಒಂದೇ ಒಂದು ಹಾಡು ಹಾಡುತ್ತೆ. ಆ ಹಾಡಿಗೆ ದನಿ ಸಿಗಲಿಲ್ಲ ಅವಳಿಗೆ. ಸಂಗೀತ ಕಲಿತವರು ಬಂದು ಹಾಡಿದರು. 'ಕೊಕ್ಕರೆ ಕಛೇರಿ ಕೊಟ್ಟ ಹಾಗಿದೆ' ಅಂತ ಕಳಿಸಿಬಿಟ್ಟಳು. 'ಹಾಡುವವರನ್ನು ನಾನು ಹುಡುಕ್ತೀನಿ ಅಪ್ಪ, ಮೈಕು, ಪ್ರೀಆಂಪು ನೀನು ಆರಿಸು, ಮನೆಯಲ್ಲೇ ರೆಕಾರ್ಡ್ ಮಾಡೋಣ' ಅಂದಳು. ಅವಳಿಗೆ ಸಿಗಲಿಲ್ಲ. ನನಗೆ ಸಿಕ್ಕಿದರು. ಇವತ್ತು ಮಧ್ಯಾಹ್ನ ಅವಳು ಬರ್ತಿರೋದೇ ಅವರನ್ನು ನೋಡೋಕೆ. ಅಷ್ಟರೊಳಗೆ… ಅಷ್ಟರೊಳಗೆ ಸ್ವಲ್ಪ ಕೆಲಸ ಇದೆ.

ಪ್ರೀಆಂಪ್ ಅಂದ್ರೆ ಏನು ಅಂತಾನಾ? ಕೇಳಿದೆಯಲ್ಲ, ಸಂತೋಷ. ಮೈಕ್ ಅಂದ್ರೆ ಕಿವಿ. ಅದಕ್ಕೆ ಕೇಳಿಸಿದ್ದು ತಂತಿಯಲ್ಲಿ ಬರುವಾಗ ಇರುವೆ ನಡೆದಷ್ಟು ಸಣ್ಣಗಿರುತ್ತೆ. ಅದನ್ನು ದೊಡ್ಡದು ಮಾಡೋ ಪೆಟ್ಟಿಗೆಯೇ ಪ್ರೀಆಂಪ್. ಹೇಗೆ ಹೇಳಲಿ… ನಮ್ಮ ಸೋದರತ್ತೆ ಇದ್ದರಲ್ಲ. ಒಳಮನೆಯಲ್ಲಿ ಪಿಸುಗುಟ್ಟಿದ್ದು ಬೀದಿ ತುದಿಗೆ ಕೇಳಿಸ್ತಿತ್ತು. ಹಾಗೆ. ಆದರೆ ಒಳ್ಳೆ ಪ್ರೀಆಂಪ್ ತನ್ನದೇನೂ ಸೇರಿಸಲ್ಲ. ಅತ್ತೆ ಸೇರಿಸ್ತಿದ್ದರು. … ನಗು, ನಗು. ಅವರಿದ್ದಿದ್ದರೆ ಅವರೂ ನಗ್ತಿದ್ದರು, ಆಮೇಲೆ ನಾಲ್ಕು ಮನೆಗೆ ಹೇಳ್ತಿದ್ದರು.

ಆ ಮೈಕಿನ ಅಂಗಡಿ ಗಡ್ಡದವನು ಪುಣ್ಯಾತ್ಮ. ಮನೆಗೆ ಒಯ್ದು ನೋಡಿ, ಹಿಡಿಸದಿದ್ದರೆ ಬದಲಾಯಿಸಿ ಅಂದ. ಮೊದಲು ಒಯ್ದದ್ದು ಕಂಡೆನ್ಸರ್. ಅಬ್ಬಾ, ಅದು ಮೈಕಲ್ಲ, ಪೊಲೀಸ್ ನಾಯಿ. ಮೇಲಿನ ಮನೆಯವರು ಚಪ್ಪಲಿ ಬಿಟ್ಟದ್ದು ಗೊತ್ತಾಗುತ್ತೆ. ಉಸಿರು ಎಳೆದುಕೊಂಡದ್ದು, ನಾಲಗೆ ಹಲ್ಲಿಗೆ ತಾಗಿದ್ದು, ಎಲ್ಲ. ನೀನು ಲ್ಯಾಬಿನಲ್ಲಿ ಒಂದು ತೊಟ್ಟು ರಕ್ತದಲ್ಲಿ ಮನುಷ್ಯನ ಜಾತಕ ಓದ್ತೀಯಲ್ಲ, ಆ ಥರ. ಆದರೆ 'ಸ' ಬಂದರೆ ಸೂಜಿ, 'ಶ' ಬಂದರೆ ದಬ್ಬಣ. ಅದು ಬೇಡ ಅಂತ ಡೈನಮಿಕ್ ಮೈಕ್ ತಂದೆ. ಅದು ಸಭ್ಯಸ್ಥ, ಎದುರಿಗೆ ನಿಂತು ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತೆ. ನಮ್ಮ ಹಾಡುವವರದ್ದೋ ಮೆಲುದನಿ. ದನಿ ಸಾಲದು ಅಂತ ಪ್ರೀಆಂಪ್ ತಿರುಗಿಸಿದೆ, ಇನ್ನೂ ತಿರುಗಿಸಿದೆ, ಪೆಟ್ಟಿಗೆಯೇ ಬಾಣಲೆ ಥರ 'ಸುಸ್' ಅಂತು. ಹಾಡು ಯಾವುದು, ಒಗ್ಗರಣೆ ಯಾವುದು ಗೊತ್ತಾಗಲಿಲ್ಲ. ಮತ್ತೆ ಅಂಗಡಿಗೆ ಓಡಿದೆ. ಪೆಟ್ಟಿಗೆ ಬದಲಾಯಿಸಿದೆ, ಮೈಕೂ ಬದಲಾಯಿಸಿದೆ. ಈಗ ಇದು ನೋಡು. ಇದೂ ಕಂಡೆನ್ಸರ್ರೇ, ಆದರೆ ವಯಸ್ಸಾದ ಕಂಡೆನ್ಸರ್ ಅಂದುಕೋ. ಎಲ್ಲ ಕೇಳಿಸಿಕೊಳ್ಳುತ್ತೆ, ಚುಚ್ಚಿ ಹೇಳಲ್ಲ. ಪೆಟ್ಟಿಗೆ ಅಂತೂ ಇದೆಯೋ ಇಲ್ಲವೋ ಅನ್ನೋಷ್ಟು ಮೌನಿ. ಇವೆರಡನ್ನು ಜೋಡಿಸಿ ಆ ದನಿ ಕೇಳಿದಾಗ, ಏನು ಹೇಳಲಿ, ಹೆಡ್‌ಫೋನ್ ಹಾಕ್ಕೊಂಡೇ ಎದ್ದು ಓಡಾಡಿದೆ. ತಂತಿ ಸೆಳೆದು ಪೆಟ್ಟಿಗೆ ಬೀಳೋದರಲ್ಲಿತ್ತು.

ಯಾರಾ? … ಹಾಡುವವರು ಯಾರು ಅಂತಾನಾ? ಹೆಂಗಸು. ಹುಬ್ಬು ಇಳಿಸು. ಹೆಂಗಸು ಅಂದೆ, ಅಪ್ಸರೆ ಅನ್ನಲಿಲ್ಲ. ವಯಸ್ಸು… ಹೆಚ್ಚೂಕಡಿಮೆ ನಿನ್ನಷ್ಟೇ. ಎಲ್ಲಿರ್ತಾರೆ ಅಂದ್ರೆ, ಹತ್ತಿರವೇ, ಇದೇ ರಸ್ತೆ. ಪರಿಚಯ ಹಳೆಯದು. ನಿನಗೂ ಗೊತ್ತು ಅವರು. ಇಲ್ಲ, ಮೂಲೆಮನೆಯ ಟೀಚರ್ ಅಲ್ಲ. ಅವರ ಹಾಡು ಕೇಳಿದ್ದೀಯಲ್ಲ, ಅದಕ್ಕೆ ಮೈಕ್ ಯಾಕೆ, ಕಿಟಕಿ ಸಾಕು. … ಹೇಳ್ತೀನಿ, ಅವಸರ ಯಾಕೆ? ನಾನು ಸುಳ್ಳು ಹೇಳೋನಲ್ಲ, ನಿನಗೆ ಗೊತ್ತು. ಈ ಕ್ಷಣದವರೆಗೆ ಒಂದು ಸುಳ್ಳೂ ಹೇಳಿಲ್ಲ, ಬೇಕಾದರೆ ಒಂದೊಂದೇ ಮಾತು ತೂಗಿ ನೋಡು.

ಹೊಟ್ಟೆಕಿಚ್ಚಾ? ಸ್ವಲ್ಪ ಇದೆ ಅನ್ನಿಸುತ್ತೆ. ಇರಲಿ, ಚೆನ್ನಾಗಿ ಕಾಣುತ್ತೆ ನಿನಗೆ. ಆದರೆ ಹೇಳ್ತೀನಿ ಕೇಳು, ಆ ದನಿಯಲ್ಲಿ ಒಂದು ಚೂರೂ ಶೋಕಿ ಇಲ್ಲ. ಯಾರಿಗೋ ಕೇಳಿಸಲಿ ಅಂತ ಹಾಡೋದಲ್ಲ ಅದು. ಒಂದು ಸಾಲಿನ ಕೊನೆಗೆ ದನಿ ಸ್ವಲ್ಪ ಒಡೆಯುತ್ತೆ, ಅವರು ಅದನ್ನು ಮುಚ್ಚಿಕೊಳ್ಳೋಕೆ ಹೋಗಲ್ಲ; ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋಗ್ತಾರೆ, ಮೂಲೆ ಹರಿದ ದಿಂಬಿನ ಚೀಲವನ್ನು ಹಾಗೇ ಮಡಿಸಿಟ್ಟು ಇನ್ನೊಂದು ತಗೊಂಡ ಹಾಗೆ. ಪದ ಮರೆತರೆ 'ತಾನ ತಾನ' ಅಂತಾರೆ. ನನಗಂತೂ ಪದಕ್ಕಿಂತ ಆ 'ತಾನ'ವೇ…

ಸರಿ, ಸರಿ, ವರ್ಣನೆ ಸಾಕು. ಏಳು, ಒಂದು ಸಹಾಯ ಮಾಡು. ಹಾಡುವವರು ನಿಲ್ಲೋ ಜಾಗದಲ್ಲಿ ಒಂದು ನಿಮಿಷ ನಿಲ್ಲು. ಮಟ್ಟ ನೋಡಬೇಕು. ಮಟ್ಟ ಅಂದ್ರೆ ಪೆಟ್ಟಿಗೆಯ ತಿರುಪು ಎಲ್ಲಿಗೆ ನಿಲ್ಲಬೇಕು ಅನ್ನೋದು. ಆ ಟೇಪ್ ಅಂಟಿಸಿದ್ದೀನಲ್ಲ ನೆಲಕ್ಕೆ, ಅಲ್ಲಿ. ಚಪ್ಪಲಿ ಬಿಡು. ಹಾಂ. ಮೈಕ್ ಮುಂದೆ ಇರೋ ಈ ಬಲೆ, ಕಾಲುಚೀಲ ಬಿಗಿದ ಬಳೆ ಥರ ಇದೆಯಲ್ಲ, ಅದು 'ಪ', 'ಬ' ಅಂದಾಗ ಗಾಳಿ ಬಡಿಯದಿರಲಿ ಅಂತ. ಮುಟ್ಟಬೇಡ.

ಏನು ನೋಡ್ತೀಯ? ಸ್ಟ್ಯಾಂಡಾ? … ಹೌದು, ಸರಿಯಾಗಿ ನಿನ್ನ ಬಾಯಿಗೇ ಬಂತು. ಅವರೂ ಇಷ್ಟೇ ಎತ್ತರ. ಕೆಲವರು ಇರ್ತಾರೆ.

ಏನಾದರೂ ಮಾತಾಡು. ಏನಾದರೂ. … ಭೇಷ್, 'ಸಕ್ಕರೆ ಮುಗಿದಿದೆ, ಸೋಪು ಮುಗಿದಿದೆ, ನಿಮಗೆ ಸಂಸಾರ ಬೇಕೋ ಸಂಗೀತ ಬೇಕೋ'. ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ, ಬರೀ ಸಕಾರ. ಒಂದಾದರೂ ಚುಚ್ಚಿತಾ? ಚುಚ್ಚಲಿಲ್ಲ. ಮೊದಲನೇ ಮೈಕಿನಲ್ಲಿ ನಿನ್ನ 'ಸ' ಕಿವಿ ಕೊರೀತಿತ್ತು. ಎರಡನೆಯದರಲ್ಲಿ ಮೇಲಿನ ಸ್ವರಕ್ಕೆ ಹೋದೆಯಲ್ಲ, ದನಿಗೆ ಕಂಬಳಿ ಹೊದಿಸಿದ ಹಾಗಾಗಿಬಿಟ್ಟಿತ್ತು, ನನಗೆ ಎಷ್ಟು ಬೇಜಾರಾಯಿತು ಅಂದ್ರೆ…

…

ಏನಾಯಿತು?

ಇಲ್ಲ, 'ನಿನ್ನ' ಅಂದ್ರೆ… ಸಾಮಾನ್ಯವಾಗಿ ಹೆಂಗಸರ 'ಸ'. ಗಡ್ಡದವನೇ ಹೇಳಿದ್ದು, ಹೆಂಗಸರ ದನಿಗೆ…

ನೀನು ಆ ಎರಡು ಮೈಕುಗಳ ಮುಂದೆ ನಿಂತೇ ಇಲ್ಲ. ಹೌದು. ಅದು ನಿಜ.

ಹಾಗೆ ನೋಡಬೇಡ. ನಗ್ತಿದ್ದೆಯಲ್ಲ ಈಗ ತಾನೇ? ಇನ್ನೊಂದು ಸಲ ಸಕ್ಕರೆ ಮುಗಿದಿದೆ ಅನ್ನು. … ಏನಾದರೂ ಅನ್ನು. ಬೈದರೂ ಸರಿ.

…

ಆಯಿತು. ಹೇಳ್ತೀನಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಬೆಳಿಗ್ಗೆಯಿಂದ ಅದಕ್ಕೇ ಇಷ್ಟು ಮಾತು.

ಮೊದಲನೆಯದು ಗೊತ್ತಿಲ್ಲದೆ ಆದದ್ದು. ಗಡ್ಡದವನು ಹೇಳಿದ್ದ, ಮೊದಲು ಖಾಲಿ ಕೋಣೆಯ ಸದ್ದು ಹಿಡೀರಿ, ಯಾರೂ ಇಲ್ಲದಾಗ ಕೋಣೆ ತಾನೇ ಎಷ್ಟು ಗಲಾಟೆ ಮಾಡುತ್ತೆ ಅಂತ ಗೊತ್ತಾಗಬೇಕು ಅಂತ. ಆ ಕಪಾಟಿನಲ್ಲಿ ಹೊದಿಕೆಗಳ ನಡುವೆ ಮೈಕ್ ಇಟ್ಟು, ಆನ್ ಮಾಡಿ, ನಾನು ಕೆಲಸಕ್ಕೆ ಹೋದೆ. ಸಂಜೆ ಬಂದು ಕೇಳ್ತಾ ಕೂತೆ. ಮೊದಲು ಫ್ರಿಜ್. ಆಮೇಲೆ ಬಾಗಿಲು. ಆಮೇಲೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟದ್ದು. ಆಮೇಲೆ ನೀನು.

ನಮಗೆ ಮದುವೆಯಾಗಿ ಎಷ್ಟು ಕಾಲವಾಯಿತು, ನೀನು ಹಾಡ್ತೀಯ ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ. ಮಗಳನ್ನು ಮಲಗಿಸುವಾಗ ಕೂಡ ತಟ್ಟುತ್ತಿದ್ದೆ, ಹಾಡ್ತಿರಲಿಲ್ಲ. ಶಾಲೆಯಲ್ಲಿ ನಿನ್ನನ್ನು ಹಾಡುವ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ 'ನೀನು ಬಾಯಿ ಮಾತ್ರ ಆಡಿಸು, ದನಿ ಬೇಡ' ಅಂದಿದ್ದರಂತಲ್ಲ. ನೀನು ಅದನ್ನು ತಮಾಷೆ ಮಾಡಿ ಹೇಳ್ತಿದ್ದೆ, ನಾನೂ ತಮಾಷೆ ಅಂತಲೇ ಕೇಳ್ತಿದ್ದೆ.

ಆವತ್ತೇ ಹೇಳಬೇಕಿತ್ತು. ಹೇಳಿದರೆ ನಿಲ್ಲಿಸಿಬಿಡ್ತೀಯ ಅಂತ ಹೇಳಲಿಲ್ಲ. ಮಾರನೆಯ ವಾರ ಮತ್ತೆ ಇಟ್ಟೆ. ಅದು ಗೊತ್ತಿಲ್ಲದೆ ಆದದ್ದಲ್ಲ. ಮೈಕ್ ಬದಲಾಯಿಸಿದಾಗಲೂ ಇಟ್ಟೆ, ಪೆಟ್ಟಿಗೆ ಬದಲಾಯಿಸಿದಾಗಲೂ ಇಟ್ಟೆ. ಈ ಎರಡನ್ನು ನಾನು ಆರಿಸಿದ್ದು ನಿನ್ನ ದನಿ ಮೇಲೆ. ಪಕ್ಕದ ಮನೆಯವನ ಕ್ಯಾಮೆರಾದಲ್ಲಿ ನಮ್ಮ ಬಾಗಿಲು ಕಾಣುತ್ತೆ ಅಂತ ಅವನ ಮನೆಗೆ ಹೋಗಿ ಕಾನೂನು ಓದಿ ಬಂದವನು ನಾನು. ಬೇಲಿಯೇ ಎದ್ದು ಹೊಲ ಮೇಯಿತು. ನನ್ನ ಹತ್ತಿರ ಸಬೂಬಿಲ್ಲ.

ಕೂತ್ಕೋ. ಬೇಡವಾ? ನಿಂತೇ ಕೇಳ್ತೀಯಾ? ಇನ್ನೂ ಒಂದಿದೆ.

ಒಂದು ಹಾಡನ್ನು ಮಗಳಿಗೆ ಕಳಿಸಿದೆ. ಹೆಸರು ಹೇಳಲಿಲ್ಲ. ತಕ್ಷಣ ಫೋನ್ ಮಾಡಿದಳು. 'ಅಪ್ಪ, ಯಾರಿವರು? ಇವರೇ ನನ್ನ ಕೊಕ್ಕರೆ, ಬೇರೆ ಯಾರೂ ಬೇಡ.' ಅವಳಿಗೆ ಗುರುತು ಸಿಗಲಿಲ್ಲ ಕಣೇ. ಹೆತ್ತವಳ ದನಿ. 'ಎಲ್ಲೋ ಕೇಳಿದ ಹಾಗಿದೆ' ಅಂದಳು. ನಾನು ಹೇಳಿಬಿಡಬೇಕಿತ್ತು. ಎದುರಿಗೆ ಗೊತ್ತಾಗಲಿ, ಚೆನ್ನಾಗಿರುತ್ತೆ ಅಂತ… ನನಗೆ ಚೆನ್ನಾಗಿರುತ್ತೆ. ನಿನ್ನನ್ನು ಕೇಳಲಿಲ್ಲ.

ಬೇಡ ಅಂದ್ರೆ ಎಲ್ಲ ಅಳಿಸಿಬಿಡ್ತೀನಿ. ಈಗಲೇ, ನಿನ್ನ ಎದುರಿಗೇ. ಮೈಕು ಅಂಗಡಿಗೆ ವಾಪಸ್. ಕೊಕ್ಕರೆ ಸುಮ್ಮನೇ ನಿಂತಿರಲಿ.

ಒಂದು ಮಾತು ಹೇಳು. ತಲೆಯಾದರೂ ಆಡಿಸು.

…

ಗೇಟ್. ಅವಳೇ ಅದು, ಆ ಥರ ಒದ್ದು ತೆಗೆಯೋಳು ಅವಳೊಬ್ಬಳೇ. ನೋಡು, ನಾನೀಗ ಹೋಗಿ ಏನಂತ ಹೇಳಲಿ? ಹಾಡುವವರು ಬಂದಿದ್ದಾರೆ ಅನ್ನಲಾ, ಬರಲ್ಲ ಅಂದರು ಅನ್ನಲಾ? ನೀನು ಹೇಳಿದ್ದನ್ನೇ ಹೇಳ್ತೀನಿ, ಒಂದು ಅಕ್ಷರ ಸೇರಿಸಲ್ಲ. … ಎಲ್ಲಿಗೆ? ನಾನು ತೆಗೀತೀನಿ ಬಾಗಿಲು, ನೀನು ಇರು…

ನೀನೇ ಹೋಗ್ತೀಯಾ.

ಏನು ಹೇಳ್ತೀಯ ಅವಳಿಗೆ? … ಸರಿ. ಕೇಳಲ್ಲ. ನಾನು ಇಲ್ಲೇ ಕೂತಿರ್ತೀನಿ. ತಂತಿ ಕಾಲಿಗೆ ಸಿಕ್ಕೀತು, ಹುಷಾರು. ಬಾಗಿಲು ಎಳೆದುಕೊಂಡು ಹೋಗು. ಇಲ್ಲ, ನಿಲ್ಲು, ನಿಲ್ಲು, ಒಂದು ಕ್ಷಣ. ಈ ಮೈಕಿಗೆ ಹಜಾರದ ಮಾತೂ ಕೇಳಿಸುತ್ತೆ. ಆರಿಸಿದೆ. ನೋಡು, ಕೆಂಪು ದೀಪ ಹೋಯಿತಾ? ನೀನೇ ಬಂದು ನೋಡಿಕೊಂಡು ಹೋಗು.