ಸೋಸುವ ಬಟ್ಟೆ

ಗಂಡನನ್ನು ಮಲಗಿಸಿದ್ದ ತೀವ್ರ ನಿಗಾ ಘಟಕದ ಹೊರಗೆ ಅವಳು ಕೂತಿದ್ದಳು. ಬೆನ್ನ ಹಿಂದೆ ಮೈದುನರಿಬ್ಬರು ಪಿಸುಗುಟ್ಟುತ್ತಿದ್ದರು.

“ಅಣ್ಣ ಮನೇಲಿ ಮಾಡಿಟ್ಟ ಬಿಯರು ಇವತ್ತೇ ಸೋಸ್ಬೇಕು, ಹುಳಿಯಾಗತ್ತೆ,” ಎಂದ ಕಿರಿಯವನು.

“ಅವನಿನ್ನೂ ಉಸಿರಾಡ್ತಿದಾನೆ ಕಣೋ.”

“ಉಸಿರಾಡ್ತಿರೋದು ಮೆಷಿನ್ನು. ಮಣ್ಣಿಗೆ ಬರೋರಿಗೆ ಗಸಿ ಕುಡಿಸ್ತೀಯಾ?”

“ಜರಡಿ ಇದೆಯಲ್ಲ.”

“ಜರಡಿಲಿ ಹೊಟ್ಟು ನಿಲ್ಲತ್ತೆ, ಗಸಿ ನಿಲ್ಲಲ್ಲ. ಅಣ್ಣ ಅತ್ತಿಗೆಯ ಹತ್ತಿ ಶಾಲಲ್ಲಿ ಸೋಸ್ತಿದ್ದ.”

“ಯಾವ್ದು?”

“ಹೊದ್ಕೊಂಡು ಕೂತಿದಾರಲ್ಲ, ಅದೇ.”

ಕಿರಿಯವನು ಎದುರಿಗೆ ಬಂದ.

“ಶಾಲು ಕಲೆಯಾಗಿದೆ ಅತ್ತಿಗೆ. ಕೊಡಿ, ಒಗೆಸ್ಕೊಂಡು ಬರ್ತೀನಿ.”

ಅವಳು ತೆಗೆದುಕೊಟ್ಟಳು.

“ಸೋಸೋಕೆ ಮೊದಲು ಬಿಸಿನೀರಲ್ಲಿ ಅದ್ದು,” ಎಂದಳು. “ಅವರು ಹಾಗೇ ಮಾಡ್ತಿದ್ರು.”

ಇಬ್ಬರೂ ಅವಳ ಮುಖ ನೋಡದೆ ಮೆಟ್ಟಿಲಿಳಿದರು.